ಅಂಚಿನಲ್ಲಿ ಹೊಲಿದ ತೂಕ

ಬಾಹ ಹಗುರ ಮನುಷ್ಯ ಎಂದು ಊರವರು ಹೇಳುತ್ತಿದ್ದರು. ಅಟ್ಲಾಸ್ ಬೆಟ್ಟದ ಆ ಸೀಮೆಯಲ್ಲಿ ಗಂಡಸಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಕಾಲು ಚುರುಕಾದವನು, ಹೊರೆ ಹೊತ್ತು ಏರುವಾಗಲೂ ಮಾತು ನಿಲ್ಲಿಸದವನು, ಹಿಮ ಕುಸಿಯದ ಹಾಗೆ ಪಾದ ಇಡಬಲ್ಲವನು, ಅಂಥವನನ್ನು ಅವರು ಹಗುರ ಎನ್ನುತ್ತಾರೆ. ಬಾಹ ಹಿಮದ ಮೇಲೆ ನಡೆದರೆ ನರಿಗೂ ಅವನ ಜಾಡು ಸಿಗುವುದಿಲ್ಲ ಎಂದು ಗಿರಣಿಯ ಕಟ್ಟೆಯ ಮೇಲೆ ಕೂರುವ ಮುದುಕರು ಹೇಳುತ್ತಿದ್ದರು. ಗಾಳಿ ಎದ್ದ ದಿನ ತೂದಾ ತನ್ನ ಗಂಡನನ್ನು ಕಂಬಕ್ಕೆ ಕಟ್ಟದಿದ್ದರೆ ಮಾರನೇ ದಿನ ಮರಾಕೇಶದಲ್ಲಿ ಹುಡುಕಬೇಕಾಗುತ್ತದೆ ಎಂದು ಪಕ್ಕದ ಮನೆಯ ಮಮ್ಮಾಸ್ ನಗುತ್ತಿದ್ದಳು. ಅದೆಲ್ಲ ಒಳ್ಳೆಯ ವರ್ಷಗಳ ಮಾತು.

ಕೊನೆಯ ವರ್ಷವೂ ಊರವರು ಹೇಳಿದ್ದು ಅದೇ ಮಾತು. ಆದರೆ ಆಗ ಯಾರೂ ನಗುತ್ತಿರಲಿಲ್ಲ. ನೆಲ ನೋಡಿಕೊಂಡು ಹೇಳುತ್ತಿದ್ದರು.

ಯಾರ ಮೈಯ ಬಗ್ಗೆಯೂ ಬಾಯಿಬಿಟ್ಟು ಮಾತಾಡುವ ರೂಢಿ ಅಲ್ಲಿಲ್ಲ. ಮಗು ಗುಂಡಗಿದೆ ಎಂದರೆ ದೃಷ್ಟಿ ತಾಗುತ್ತದೆ. ಹೇಳಲೇಬೇಕಾದರೆ ಹಿಂದೆಯೇ ‘ತಬಾರಕಲ್ಲಾಹ್’ ಎಂದು ದೇವರ ಹೆಸರು ಸೇರಿಸಬೇಕು. ಸೊರಗಿದವನಿಗೆ ಸೊರಗಿದ್ದೀಯ ಎನ್ನುವುದು ಇನ್ನೂ ಕೆಟ್ಟದ್ದು. ಹೊಸ್ತಿಲಾಚೆ ನಿಂತ ಕೇಡನ್ನು ಹೆಸರು ಹಿಡಿದು ಒಳಗೆ ಕರೆದ ಹಾಗೆ ಅದು. ಆದ್ದರಿಂದ ಬಾಹನ ಕೆನ್ನೆ ಒಳಗೆ ಹೋದಾಗ, ಕುತ್ತಿಗೆಯ ನರಗಳು ಹಗ್ಗದ ಎಳೆಗಳ ಹಾಗೆ ಎದ್ದಾಗ, ಊರಿನ ಎಪ್ಪತ್ತು ಮನೆಗಳಲ್ಲಿ ಒಬ್ಬರೂ ಅದನ್ನು ಆಡಲಿಲ್ಲ. ಹಗುರ ಮನುಷ್ಯ ಎಂದರು, ಅಷ್ಟೆ. ಪ್ರೀತಿಯಿಂದಲೇ ಸುಮ್ಮನಿದ್ದರು.

ಬಾಹ ಹುಟ್ಟಿದ್ದು ಮೇಲಿನ ಕೇರಿಯ ಕೊನೇ ಮನೆಯಲ್ಲಿ. ಅಪ್ಪ, ಅಜ್ಜ ಇಬ್ಬರೂ ಮೇಕೆ ಕಾದವರು. ರಸ್ತೆ ಇನ್ನೂ ಊರಿಗೆ ಬಂದಿರಲಿಲ್ಲ. ಚಳಿಗಾಲದ ಕೊನೆಗೆ ಫ್ರಾನ್ಸಿನಿಂದ ಜನ ಬರುತ್ತಿದ್ದರು, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರುವವರು. ಹತ್ತು ದಿನ ಬೆಟ್ಟದ ನೆತ್ತಿಯ ಮೇಲೇ ಅಲೆದು ಆಚೆ ಬದಿಗೆ ಇಳಿಯುತ್ತಿದ್ದರು. ಅವರ ಡೇರೆ, ಹಗ್ಗ, ಒಲೆ, ಹತ್ತು ದಿನದ ಊಟ ಎಲ್ಲವೂ ಹಿಮ ಶುರುವಾಗುವ ತನಕ ಹೇಸರಗತ್ತೆಗಳ ಬೆನ್ನ ಮೇಲೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಹೇಸರಗತ್ತೆ ಹೆಜ್ಜೆ ಇಡುವುದಿಲ್ಲ. ಊರಿನ ಗಂಡಸರು ಹೊರುತ್ತಿದ್ದರು. ಎರಡು ಶಿಖರಗಳ ನಡುವೆ ದಾಟಲು ಸಿಗುವ ತಗ್ಗಿಗೆ ಅವರು ತೀಜಿ ಎನ್ನುತ್ತಾರೆ. ಹತ್ತು ದಿನಕ್ಕೆ ಏಳು ತೀಜಿ. ಪ್ರತಿಯೊಂದರಲ್ಲೂ ಎಲ್ಲರಿಗಿಂತ ಮುಂದೆ ಹೋಗಿ, ಸೊಂಟದವರೆಗಿನ ಹಿಮ ತುಳಿದು, ಹಿಂದಿನವರಿಗೆ ದಾರಿ ಮಾಡಿಕೊಡುವವನೊಬ್ಬ ಬೇಕು. ಇಪ್ಪತ್ತಾರು ವರ್ಷಗಳಿಂದ ಆ ಮೊದಲ ಹೆಜ್ಜೆ ಬಾಹನದು.

ಅವನ ಬುತ್ತಿ ಹುರಿಹಿಟ್ಟು. ಜವೆಗೋಧಿಯನ್ನು ಹುರಿದು, ಬೀಸಿ, ಉಪ್ಪು ಜೀರಿಗೆ ಬೆರೆಸಿ, ಆಲಿವ್ ಎಣ್ಣೆಯಲ್ಲಿ ಕಲಸಿ ತೂದಾ ಮುಷ್ಟಿ ಗಾತ್ರದ ಉಂಡೆ ಕಟ್ಟುತ್ತಿದ್ದಳು. ಒಂದು ತೀಜಿಗೆ ಒಂದು ಉಂಡೆ, ಅವಳ ಅತ್ತೆಯ ಕಾಲದ ಲೆಕ್ಕ. ಫ್ರೆಂಚರು ಹೊರುವವರಿಗೂ ಬೇರೆ ಊಟ ಕೊಡುತ್ತಿದ್ದರು: ಚೀಸು, ಚಾಕೊಲೇಟು, ಮೀನಿನ ಡಬ್ಬಿ, ಗೋಡಂಬಿ. ಬೆಟ್ಟದಿಂದ ಇಳಿಯುವವನು ಬರಿಗೈಯಲ್ಲಿ ಮನೆಗೆ ಬರಬಾರದೆಂಬುದು ಅಲ್ಲಿಯ ಗಂಡಸರ ಮರ್ಯಾದೆ. ಉಳಿದವರು ಅರ್ಧ ತಿಂದು ಅರ್ಧ ತರುತ್ತಿದ್ದರು. ಬಾಹ ಎಲ್ಲವನ್ನೂ ತರುತ್ತಿದ್ದ. ಮಗಳು ಇಜ್ಜಾ ಹಸುವನ್ನೇ ಕಂಡವಳಲ್ಲ, ಅವಳ ಹಲ್ಲು ಹುಟ್ಟಿದ್ದೇ ಫ್ರೆಂಚರ ಚೀಸಿನ ಮೇಲೆ ಎಂದು ತಮಾಷೆ ಮಾಡುತ್ತಿದ್ದರು. ಅವಳು ಮದುವೆಯಾಗಿ ಕೆಳಗಿನ ಊರಿಗೆ ಹೋದ ಮೇಲೂ ಅವನು ತರುವುದನ್ನು ಬಿಡಲಿಲ್ಲ. ಮಮ್ಮಾಸಳ ಮೊಮ್ಮಕ್ಕಳಿಗೆ ಹಂಚುತ್ತಿದ್ದ.

ತಕ್ಕಡಿ ಬಂದದ್ದು ಆಮೇಲೆ.

ಫ್ರೆಂಚರ ಮುಖ್ಯಸ್ಥೆ ಸೊಲಾಂಜ್ ಎಂಬ ಐವತ್ತರ ಹೆಂಗಸು. ಆಚೆ ಕಣಿವೆಯ ಹೊರೆಯಾಳೊಬ್ಬ ಒಂದು ವರ್ಷ ನಾಲ್ಕನೇ ದಿನ ನಡೆಯುತ್ತ ನಡೆಯುತ್ತಲೇ ಕೂತ. ಕೂತವನು ಏಳಲಿಲ್ಲ. ಒಳ್ಳೆಯ ವಯಸ್ಸಿನವನು, ಆದರೆ ಮೈಯಲ್ಲಿ ಏನೂ ಇರಲಿಲ್ಲ. ಮುಂದಿನ ವರ್ಷ ಸೊಲಾಂಜ್ ಬಂದಾಗ ಅವಳ ಜೊತೆ ಒಂದು ನಿಯಮ ಬಂತು. ಹೊರುವವರೆಲ್ಲರನ್ನೂ ತೂಗಬೇಕು. ಅರವತ್ತು ಕೇಜಿಗಿಂತ ಕಡಿಮೆ ಇದ್ದವನು ಹಿಮದ ಗೆರೆ ದಾಟುವಂತಿಲ್ಲ.

ಗಿರಣಿಯ ಪಕ್ಕದ ಆಕ್ರೋಟಿನ ಮರಕ್ಕೆ ಉಣ್ಣೆ ತೂಗುವ ತಕ್ಕಡಿಯನ್ನು ನೇತುಹಾಕಿದರು. ಮೇಕೆಕೂದಲಿನ ಜೋಳಿಗೆಯಲ್ಲಿ ಒಬ್ಬೊಬ್ಬನೇ ಕೂರಬೇಕು, ಬುರ್ನೂಸು ತೊಟ್ಟುಕೊಂಡೇ. ಬುರ್ನೂಸು ಎಂದರೆ ತಲೆಯ ಮೇಲೆ ಎಳೆದುಕೊಳ್ಳುವ ಕುಲಾವಿಯಿರುವ ಉಣ್ಣೆಯ ನಿಲುವಂಗಿ. ಚಳಿಗಾಲದಲ್ಲಿ ಅದನ್ನು ಬಿಚ್ಚು ಎಂದು ಯಾರೂ ಯಾರಿಗೂ ಹೇಳುವುದಿಲ್ಲ.

“ಏನೋ ಹಮ್ಮು, ಈದ್ ಹಬ್ಬಕ್ಕೆ ಇನ್ನೂ ಮೂರು ತಿಂಗಳಿದೆ. ನಿಮ್ಮ ಮದಾಂ ಈಗಲೇ ಕುರಿ ಆರಿಸ್ತಿದ್ದಾಳಾ?” ಎಂದ ಅದ್ದಿ. ಹೊರೆಯಾಳುಗಳಲ್ಲೆಲ್ಲ ದಪ್ಪನೆಯವನು ಅವನು.

ಹಮ್ಮು ಬಾಹನ ಅಕ್ಕನ ಮಗ; ಫ್ರೆಂಚ್ ಕಲಿತು ಗೈಡ್ ಆದವನು. “ನಿನ್ನನ್ನ ಆರಿಸಿದ್ರೆ ಇಡೀ ಊರಿಗೆ ಒಂದು ವಾರದ ಊಟ ಆಯ್ತು, ತಬಾರಕಲ್ಲಾಹ್. ಸುಮ್ನೆ ಕೂತ್ಕೋ.”

“ಕೂತ್ರೆ ಕೊಂಬೆ ಮುರಿಯುತ್ತೆ ಕಣೋ.”

“ಮುರಿದ್ರೆ ಸೌದೆ.”

ಎಲ್ಲರೂ ನಕ್ಕರು. ಸೊಲಾಂಜ್ ನಗಲಿಲ್ಲ. ಅವಳು ಬಾಹನ ಕಡೆ ನೋಡುತ್ತ ಬಹಳ ಹೊತ್ತು ಮಾತಾಡಿದಳು. ಹಮ್ಮು ತುಂಡು ತುಂಡಾಗಿ ಹೇಳಿದ.

“ಹೊರೆ ಹೊತ್ತು ಹಿಮದಲ್ಲಿ ದಿನವಿಡೀ ನಡೆಯೋ ಗಂಡಸಿಗೆ ಕೊಯ್ಲಿನ ದಿನ ತಿನ್ನೋದರ ಎರಡರಷ್ಟು ಬೇಕಂತೆ ಮಾವ. ಕೂತಾಗೆಲ್ಲ ತಿನ್ನಬೇಕಂತೆ, ಹಸಿವಾಗೋಕೆ ಮುಂಚೇನೇ. ಕೊಟ್ಟಿದ್ದನ್ನ ಮನೆಗೆ ಹೊತ್ಕೊಂಡು ಹೋಗೋದನ್ನ ಬಿಡಬೇಕಂತೆ. ತಿನ್ನದೆ ಇದ್ರೆ ಮೈ ತನ್ನನ್ನೇ ತಿನ್ನೋಕೆ ಶುರು ಮಾಡುತ್ತಂತೆ. ಮೊದಲು ಕೊಬ್ಬು. ಆಮೇಲೆ ತೊಡೆ, ತೋಳು.”

“ಆಮೇಲೆ?” ಎಂದ ಅದ್ದಿ.

“ಆಮೇಲೆ ಏನಂದಳೋ ನಂಗೆ ಸರಿಯಾಗಿ ಅರ್ಥ ಆಗಲಿಲ್ಲ” ಎಂದ ಹಮ್ಮು. ಅರ್ಥವಾಗಿತ್ತು.

ಅಂಕಿಗಳನ್ನು ಹಮ್ಮು ಫ್ರೆಂಚಿನಲ್ಲೇ ಕೂಗಿದ. ಕೆಟ್ಟ ಕಿವಿಗೆ ಫ್ರೆಂಚ್ ತಿಳಿಯಲಿಕ್ಕಿಲ್ಲ ಎಂದು ಅವನ ಎಣಿಕೆ. ಬಾಹನದು ಆ ಸಲ ಅರವತ್ತಮೂರು. ಹತ್ತು ದಿನ ಹೊತ್ತ, ಏಳು ತೀಜಿ ತುಳಿದ, ಹಿಂದಿರುಗಿ ಬಂದು ಎರಡು ದಿನ ಮಲಗಿದ. ಅವನು ಮಲಗಿದ್ದಾಗ ತೂದಾ ಅವನ ಸೊಂಟದ ಉಣ್ಣೆಪಟ್ಟಿಯನ್ನು ಒಗೆಯಲೆಂದು ಬಿಚ್ಚಿದಳು. ಮೂರು ಸುತ್ತು ಬರುತ್ತಿದ್ದದ್ದು ನಾಲ್ಕು ಸುತ್ತು ಬಂದು ಮೇಲೊಂದು ಗೇಣು ಉಳಿದಿತ್ತು. ಜೋಳಿಗೆಯಲ್ಲಿ ಚೀಸು, ಚಾಕೊಲೇಟು, ಹನ್ನೊಂದು ಮೀನಿನ ಡಬ್ಬಿ ಇದ್ದವು. ಅವನು ಎದ್ದಾಗ ಅವಳು “ದಾರಿ ಹೇಗಿತ್ತು?” ಎಂದಷ್ಟೇ ಕೇಳಿದಳು.

“ದಾರಿ ದಾರಿ ಹಾಗೇ ಇತ್ತು” ಎಂದು ನೀರು ಕೇಳಿದ.

ಬೇಸಿಗೆಯೆಲ್ಲ ನೀರು ಕೇಳಿದ. ಬಾವಿಗೆ ದಿನಕ್ಕೆ ಎರಡು ಸಲ ಹೋಗುತ್ತಿದ್ದ ತೂದಾ ನಾಲ್ಕು ಸಲ ಹೋಗತೊಡಗಿದಳು. ಕೊಯ್ಲಿನಲ್ಲಿ ಅವನು ಮೊದಲಿನಂತೆಯೇ ಕುಡುಗೋಲು ಹಿಡಿದ. ಆದರೆ ಸಾಲಿನ ಕೊನೆಗೆ ಬಂದಾಗ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಮಂಡಿಯ ಮೇಲೆ ಕೈಯಿಟ್ಟು ಬಾಗಿ ನಿಲ್ಲುತ್ತಿದ್ದ. ಕುಡುಗೋಲು ಮಸೆಯುವ ಕಲ್ಲು ಹುಡುಕುವವನ ಹಾಗೆ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಅವಳು ಜವೆಗೋಧಿ ಬೀಸಲು ಗಿರಣಿಗೆ ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಮರದ ಕೆಳಗೆ, ತಕ್ಕಡಿಯ ಜೋಳಿಗೆಯಲ್ಲಿ ಅವನು ಒಬ್ಬನೇ ಕೂತಿದ್ದ. ಕಾಲು ಗಾಳಿಯಲ್ಲಿತ್ತು. ಕತ್ತು ಹಿಂದಕ್ಕೆ ತಿರುಗಿಸಿ ಮುಳ್ಳು ನೋಡುತ್ತಿದ್ದ. ಅವಳನ್ನು ಕಂಡು ಇಳಿದ.

“ಉಣ್ಣೆ ತೂಗ್ತಿದ್ದೆ” ಎಂದ.

“ಉಣ್ಣೆ ಎಲ್ಲಿ?”

“ತೂಗಿ ಆಯ್ತು.”

ಬೀಸಿ ಮುಗಿದಾಗ ಅವಳು ಹಿಟ್ಟಿನ ಚೀಲವನ್ನು ಅವನ ಕೈಗೆ ಕೊಡಲಿಲ್ಲ, ತಾನೇ ಹೊತ್ತಳು. ಜೋಳಿಗೆಯಿಂದ ಇಳಿಯುವ ಮೊದಲು ಮುಳ್ಳು ಎಲ್ಲಿ ನಿಂತಿತ್ತೆಂದು ಅವಳು ನೋಡಿದ್ದಳು. ಐವತ್ತೆಂಟು.

ಅವತ್ತಿನಿಂದ ತೂದಾ ಗಂಡನನ್ನು ಹಬ್ಬದ ಟಗರಿನ ಹಾಗೆ ಮೇಯಿಸಲು ಶುರುಮಾಡಿದಳು. ಹೇಳಿ ಮೇಯಿಸುವಂತಿಲ್ಲ, ಹೇಳದೆ ಮೇಯಿಸಬೇಕು. ಗಂಜಿಯ ತಳದಲ್ಲಿ ಹಳೆಯ ಬೆಣ್ಣೆ ಅಡಗಿಸಿಟ್ಟಳು. ಚಹಾಕ್ಕೆ ಒಂದು ಹೆಂಟೆ ಸಕ್ಕರೆ ಬೀಳುವಲ್ಲಿ ಮೂರು ಬಿದ್ದವು. ರೊಟ್ಟಿಯೊಳಗೆ ಒಣಮಾಂಸದ ಕೊಬ್ಬು ಅರೆದು ಹಾಕಿದಳು. ಅಂಜೂರ, ಬಾದಾಮಿ, ಜೇನು, ಮನೆಯಲ್ಲಿ ಇದ್ದದ್ದೆಲ್ಲ ಅವನ ತಟ್ಟೆಗೆ ಹೋಯಿತು.

“ಏನೇ ತೂದಾ, ಮನೇಲಿ ಮದುಮಗ ಇಳಿದಿದ್ದಾನಾ?” ಎಂದು ಮಮ್ಮಾಸ್ ಗೋಡೆಯ ಮೇಲಿಂದ ಇಣುಕಿದಳು. “ಬೆಣ್ಣೆ ವಾಸನೆ ನನ್ನ ಹಾಸಿಗೆವರೆಗೂ ಬರ್ತಿದೆ. ನನ್ನ ಗಂಡ ನಿಮ್ಮನೆ ಕಡೇನೇ ತಲೆ ಹಾಕಿ ಮಲಗ್ತಾನೆ.”

“ಚಳಿ ಬರ್ತಿದೆ ಕಣೇ, ಅದಕ್ಕೆ.”

“ಹೂಂ. ಚಳಿ.” ಮಮ್ಮಾಸಳ ನಗು ಅರ್ಧಕ್ಕೆ ನಿಂತಿತು. ಗೋಡೆಯ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆದಳು. “ಬಾಹ ಹಗುರ ಮನುಷ್ಯ” ಎಂದು ಹೇಳಿ ಕೆಳಗಿಳಿದಳು.

ಬಾಹ ಎಲ್ಲವನ್ನೂ ತಿಂದ. ಬೇಡವೆನ್ನಲಿಲ್ಲ. ಇನ್ನಷ್ಟು ಇದೆಯಾ ಎಂದೂ ಕೇಳಿದ. ಇಡೀ ಜನ್ಮದಲ್ಲಿ ಅವನು ಅಷ್ಟು ತಿಂದಿರಲಿಲ್ಲ. ತೂದಾಳಿಗೆ ಮೊದಲು ಸಂತೋಷವಾಯಿತು, ಆಮೇಲೆ ಹೆದರಿಕೆ. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ ಒಳಗೆ ಹೋದದ್ದು ಎಲ್ಲೂ ನಿಲ್ಲುತ್ತಿರಲಿಲ್ಲ. ತಿಂದಷ್ಟೂ ಮೈ ಇಳಿಯಿತು. ಕುಡಿದಷ್ಟೂ ಬಾಯಿ ಒಣಗಿತು. ಹಿತ್ತಲ ಗೋಡೆಯ ಪಕ್ಕ ಅವನು ಉಚ್ಚೆ ಹೊಯ್ಯುವಲ್ಲಿ ಇರುವೆ ಮುತ್ತಿಕೊಳ್ಳುತ್ತಿದ್ದವು, ಬೇರೆಲ್ಲೂ ಇರುವೆ ಕಾಣದ ಆ ಚಳಿಯ ತಿಂಗಳಲ್ಲಿ. ಅವಳು ಒಲೆಯ ಬೂದಿ ತಂದು ಸುರಿದಳು. ಯಾರಿಗೂ ಹೇಳಲಿಲ್ಲ. ಅದು ಸಕ್ಕರೆ ಕಾಯಿಲೆ ಎಂಬ ಮಾತು ಆ ಊರಿಗೆ ಬಂದದ್ದು ಎಷ್ಟೋ ವರ್ಷದ ಮೇಲೆ, ಮಮ್ಮಾಸಳ ಗಂಡನನ್ನು ಪಟ್ಟಣದ ವೈದ್ಯರಿಗೆ ತೋರಿಸಿದಾಗ. ಆಗ ತೂದಾ ತಾನು ಚಹಾಕ್ಕೆ ಹಾಕಿದ ಹೆಂಟೆಗಳನ್ನು ಮನಸ್ಸಿನಲ್ಲಿ ಎಣಿಸುತ್ತ ಕೂತಳು. ಎಣಿಸಿ ಮುಗಿಯಲಿಲ್ಲ.

ಫೆಬ್ರವರಿಯಲ್ಲಿ ಹಮ್ಮು ಹೇಳಿಕಳಿಸಿದ, ಮದಾಂ ಇನ್ನು ಹನ್ನೊಂದು ದಿನಕ್ಕೆ ಬರುತ್ತಾಳೆ ಎಂದು. ಬಾಹ ಮತ್ತೆ ಗಿರಣಿಯ ಕಡೆ ಹೋಗಿ ಬಂದ. ಐವತ್ತಾರು ಆಗಿತ್ತು. ಅದನ್ನು ಅವನು ಹೇಳಲಿಲ್ಲ, ಹೇಳಿದ್ದು ಬೇರೆ.

ತೂದಾ ಮಗ್ಗದ ಮುಂದೆ ಕೂತಿದ್ದಳು. ಅವನು ಬುರ್ನೂಸನ್ನು ತಂದು ಅವಳ ಮಡಿಲಿಗೆ ಹಾಕಿದ.

“ಇದರ ಅಂಚು ಸಡಿಲ ಆಗಿದೆ.”

“ಎಲ್ಲಿ? ಹೋದ ವರ್ಷ ನಾನೇ ನೇಯ್ದು ಹೊಲಿದದ್ದು.”

“ಸಡಿಲ ಆಗಿದೆ ಅಂದೆ. ಗಾಳಿಗೆ ಹಾರುತ್ತೆ. ಅಂಚು ಮಡಚಿ ಒಳಗೆ ಕಲ್ಲಿಟ್ಟು ಹೊಲಿ. ನದಿ ಕಲ್ಲು, ಚಪ್ಪಟೇದು. ಒಂದು ನಾಲ್ಕು ಕೇಜಿ.”

“ನಾಲ್ಕು ಕೇಜಿ ಗಾಳಿಯಾ ಇಜ್ಜಾಳಪ್ಪಾ?”

“ನಾಲ್ಕು.”

“ಅಷ್ಟನ್ನ ಹತ್ತು ದಿನ ಹೊರ್ತೀಯಾ? ಹೊರೆ ಬೇರೆ ಇಪ್ಪತ್ತು ಇರುತ್ತೆ.”

“ಯಾರು ಹೊರ್ತಾರೆ? ಮರದ ಹತ್ತಿರ ಕೆಲಸ ಮುಗಿದ ಮೇಲೆ ಮೊದಲನೇ ತಿರುವಲ್ಲಿ ಬಿಚ್ಚಿ ಎಸೆದುಬಿಡ್ತೀನಿ.”

ಅವಳು ಅವನ ಮುಖ ನೋಡಿದಳು. ಅವನು ಮಗ್ಗದ ದಾರಗಳನ್ನು ನೋಡುತ್ತಿದ್ದ. ಹೋಗದೇ ಇದ್ದರೆ ಏನು ಎಂದು ಅವಳು ಕೇಳಬಹುದಿತ್ತು. ಉತ್ತರ ಅವಳಿಗೇ ಗೊತ್ತಿತ್ತು. ಇಪ್ಪತ್ತಾರು ವರ್ಷ ಮೊದಲ ಹೆಜ್ಜೆ ಇಟ್ಟವನು ಈ ಸಲ ಮನೆಯಲ್ಲಿ ಕೂತರೆ ಯಾಕೆ ಎಂದು ಊರು ಯೋಚಿಸುತ್ತದೆ. ಯೋಚಿಸಿದ್ದು ಒಂದು ದಿನ ಯಾರದೋ ಬಾಯಿಗೆ ಬರುತ್ತದೆ. ತಕ್ಕಡಿಯಲ್ಲಿ ಕೂತು ಸೋತರೆ ಇನ್ನೂ ಕೆಟ್ಟದ್ದು. ಅಂಕಿಯನ್ನು ಫ್ರೆಂಚಿನಲ್ಲಿ ಕೂಗಿದರೂ, ಇವನನ್ನು ಪಕ್ಕಕ್ಕೆ ನಿಲ್ಲಿಸಿದ್ದು ಎಲ್ಲ ಭಾಷೆಯವರಿಗೂ ಕಾಣುತ್ತದೆ.

ಮಾರನೇ ಬೆಳಿಗ್ಗೆ ಅವಳು ಹಮ್ಮುವಿನ ಮನೆಗೆ ಹೋದಳು. ಅವನು ಅಂಗಳದಲ್ಲಿ ಬೂಟಿಗೆ ಮೇಣ ಹಚ್ಚುತ್ತಿದ್ದ.

“ಬಾ ಅತ್ತೆ, ಕೂತ್ಕೋ. ಚಹಾ ಕುಡೀತೀಯಾ?”

“ಬೇಡ ಕಣೋ. ನಿನ್ನ ಮಾವನ ವಿಷಯ.”

“ಏನಾಯ್ತು?”

ಹೇಳಲೆಂದೇ ಬಂದಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಆದರೆ ಆಡದೆ ಆಡದೆ ಅರ್ಧ ಜೀವಮಾನ ಕಳೆದ ನಾಲಿಗೆ, ಅದಕ್ಕೆ ದಾರಿ ಒಂದೇ ಗೊತ್ತಿತ್ತು.

“ನಿನ್ನ ಮಾವ ತುಂಬಾ ಹಗುರ ಆಗಿದ್ದಾನೆ.”

ಹಮ್ಮುವಿನ ಕೈ ನಿಂತಿತು. ಬೂಟಿನ ಮೂತಿಯನ್ನೇ ನೋಡಿದ. ಅವನಿಗೆ ಯಾವ ಹಗುರ ಕೇಳಿಸಿತೋ, ಅಥವಾ ಎರಡೂ ಕೇಳಿಸಿ ಬೇಕಾದದ್ದನ್ನು ಆರಿಸಿಕೊಂಡನೋ, ತೂದಾಳಿಗೆ ಕಡೆಗೂ ತಿಳಿಯಲಿಲ್ಲ.

“ಅದು ಊರಿಗೇ ಗೊತ್ತಲ್ಲ ಅತ್ತೆ” ಎಂದ. “ಮದಾಂ ಕಾಗದ ಬರೆದಾಗ ಮೊದಲು ಕೇಳೋದೇ ಅವನ ಹೆಸರು. ನಾಲ್ಕನೇ ತೀಜಿನ ಅವನಿಲ್ಲದೆ ದಾಟೋಕಾಗುತ್ತಾ? ಅದ್ದೀನ ಮುಂದೆ ಬಿಟ್ರೆ ಅವನು ಹಿಮದಲ್ಲಿ ಬಾವಿ ತೋಡ್ತಾನೆ.”

ಅವನು ನಕ್ಕ. ಅವಳೂ ನಕ್ಕಳು. ಹಿಂದಿರುಗಿ ಬರುವಾಗ ನದಿಯ ಹತ್ತಿರ ಇಳಿದು ಕಲ್ಲು ಆರಿಸಿದಳು. ಚಪ್ಪಟೆಯವು, ಅಂಗೈಯಗಲದವು, ಎಂಟು. ಸೆರಗಿನಲ್ಲಿ ಕಟ್ಟಿಕೊಂಡು ಏರುವಾಗ ಎರಡು ಸಲ ನಿಂತಳು. ಬರೀ ಕಲ್ಲನ್ನು ಅವನು ಮೈಗೆ ಕಟ್ಟಿಕೊಂಡು ಹೋಗುವುದು ಎಂಬ ಯೋಚನೆಯನ್ನೇ ಅವಳಿಗೆ ಸಹಿಸಲಾಗಲಿಲ್ಲ. ಎರಡನೇ ಸಲ ನಿಂತಾಗ ಇನ್ನೊಂದು ಹೊಳೆಯಿತು. ತೂಕಕ್ಕೆ ಕಲ್ಲಾದರೇನು, ಅಂಜೂರವಾದರೇನು? ಒಳಗೆ ಏನಿದೆ ಎಂದು ತಕ್ಕಡಿ ಕೇಳುವುದಿಲ್ಲ.

ಮನೆಗೆ ಬಂದು ಅಟ್ಟದ ಮೇಲಿನ ಒಣ ಅಂಜೂರವನ್ನೆಲ್ಲ ಇಳಿಸಿದಳು. ಒರಳಲ್ಲಿ ಹಾಕಿ ಕುಟ್ಟಿದಳು. ಬಾದಾಮಿ ಅರೆದು ಸೇರಿಸಿದಳು, ಹುರಿಹಿಟ್ಟು ಸೇರಿಸಿದಳು, ಮಡಕೆಯ ತಳದ ಬೆಣ್ಣೆ ಕರಗಿಸಿ ಹೊಯ್ದಳು. ಎರಡೆರಡು ಕಲ್ಲಿನ ನಡುವೆ ಇಟ್ಟು ಅದುಮಿದಳು. ಮೂರು ದಿನ ಒಲೆಯ ಮೇಲಿನ ಹಲಗೆಯಲ್ಲಿ ಒಣಗಿದ ಮೇಲೆ ಅವು ಬಡಿದರೆ ಸದ್ದಾಗುವಷ್ಟು ಗಟ್ಟಿಯಾದವು. ಬಟ್ಟೆಯಲ್ಲಿ ಸುತ್ತಿ, ಗಿರಣಿಯ ತಕ್ಕಡಿಗೆ ಒಯ್ದು, ಒಂದೊಂದೂ ಅರ್ಧ ಕೇಜಿ ಬರುವ ಹಾಗೆ ಹೆಚ್ಚುಕಡಿಮೆ ಮಾಡಿದಳು. ಬುರ್ನೂಸಿನ ಅಂಚನ್ನು ಮಡಚಿ, ಎಂಟು ಜೇಬು ಮಾಡಿ, ಕಂಬಳಿ ಹೊಲಿಯುವ ಸೂಜಿಯಲ್ಲಿ ಜೋಡುದಾರ ಹಾಕಿ ಹೊಲಿದಳು.

ಹೊಲಿಯುವಾಗೆಲ್ಲ ಒಂದೇ ಕೊರೆತ. ಹೇಳದೇ ಇದ್ದರೆ ಕಲ್ಲೆಂದು ಮೊದಲ ತಿರುವಿನಲ್ಲೇ ಎಸೆದುಬಿಡುತ್ತಾನೆ. ಹೇಳಿದರೆ, ಬೆಟ್ಟದ ತಿಂಡಿಯಲ್ಲಿ ಒಂದು ಚೂರನ್ನೂ ಬಾಯಿಗಿಡದೆ ಮನೆಗೆ ತರುವ ಮನುಷ್ಯ ಇವನು. ಏಳು ತೀಜಿಯ ಮೇಲೆ ನಾಲ್ಕು ಕೇಜಿ ಹೆಚ್ಚಿಗೆ ಹೊತ್ತು ಅಷ್ಟನ್ನೂ ವಾಪಸು ತಂದು ಮಮ್ಮಾಸಳ ಮೊಮ್ಮಕ್ಕಳಿಗೆ ಹಂಚುತ್ತಾನೆ. ಕೊನೆಗೆ, ಹೊರಡುವ ಗಳಿಗೆಯಲ್ಲೇ ಹೇಳುವುದೆಂದು ತೀರ್ಮಾನಿಸಿದಳು. ಆಗ ಬಿಚ್ಚಿ ಕಲ್ಲು ಹಾಕಲು ಹೊತ್ತಿರುವುದಿಲ್ಲ.

ಮುಂದೆ ನಡೆದದ್ದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ತಕ್ಕಡಿಯ ಮುಳ್ಳು ಅರವತ್ತನ್ನು ಕೂದಲೆಳೆಯಷ್ಟು ದಾಟಿತು. ಹಮ್ಮು ಅಂಕಿ ಕೂಗಿದ, ಮಾವನ ಮುಖ ನೋಡದೆ. ಮೊದಲ ಮೂರು ತೀಜಿ ಸುಸೂತ್ರವಾಗಿ ದಾಟಿದವು. ಐದನೇ ದಿನ, ನಾಲ್ಕನೇ ತೀಜಿಯ ಕೆಳಗೆ, ಬಾಹ ಎಂದಿನಂತೆ ದಾರಿ ತುಳಿಯಲು ಮುಂದೆ ಹೋದ. ಗಾಳಿ ಎದ್ದಿತು. ಹಿಂದಿನವರಿಗೆ ಅವನ ಹೆಜ್ಜೆ ಸ್ವಲ್ಪ ದೂರ ಸಿಕ್ಕಿತು, ಆಮೇಲೆ ಸಿಗಲಿಲ್ಲ. ಮೂರು ದಿನ ಬಿರುಗಾಳಿ ಹೊಡೆಯಿತು. ಮೇ ತಿಂಗಳಲ್ಲಿ ಮೇಕೆಯವರು ನೋಡಿದಾಗ ಅವನು ಬಂಡೆಗೆ ಬೆನ್ನು ಕೊಟ್ಟು, ಕುಲಾವಿ ಎಳೆದುಕೊಂಡು, ಸ್ವಲ್ಪ ಹೊತ್ತು ದಣಿವಾರಿಸಿಕೊಳ್ಳುವವನ ಹಾಗೆ ಕೂತಿದ್ದ. ಬುರ್ನೂಸನ್ನು ತೂದಾಳಿಗೆ ತಂದುಕೊಟ್ಟರು. ಅವಳು ಅಂಚನ್ನು ಸುತ್ತಲೂ ಬೆರಳಾಡಿಸಿ ನೋಡಿದಳು. ಎಲ್ಲ ಅವಳದೇ ಹೊಲಿಗೆ. ಒಂದು ದಾರವೂ ಕತ್ತರಿಸಿರಲಿಲ್ಲ. ಮನೆಗೆಂದು ಉಳಿಸಿಕೊಂಡನೋ, ತಿನ್ನಬೇಕೆನ್ನಿಸಿದ ಹೊತ್ತಿಗೆ ಬೆರಳು ಮಾತು ಕೇಳಲಿಲ್ಲವೋ, ಹೇಳುವವರಿಲ್ಲ. ಊರವರು ಮಾತ್ರ ಒಂದೇ ಮಾತು ಹೇಳಿದರು: ಅವನು ಹೊರಟ ಬೆಳಿಗ್ಗೆ ತೂದಾ ಬಾಯಿಬಿಟ್ಟು ಆಡಿಬಿಟ್ಟಳು, ಅದಕ್ಕೇ ಹೀಗಾಯಿತು. ಗೋಡೆಯಾಚೆ ಮಮ್ಮಾಸ್ ತನ್ನ ಕಿವಿಯಾರೆ ಕೇಳಿದ್ದಳು.

ಆ ಬೆಳಿಗ್ಗೆ ಎದುರು ಬೆಟ್ಟದ ತಲೆಗೆ ಮಾತ್ರ ಬಿಸಿಲು ಬಿದ್ದಿತ್ತು. ಬಾಹ ಎರಡು ಬಟ್ಟಲು ಗಂಜಿ ಕುಡಿದ. ಮೂರನೆಯದನ್ನೂ ಕೇಳಿದ. ಕೊಡದಲ್ಲಿದ್ದ ನೀರನ್ನೆಲ್ಲ ಕುಡಿದ. ಆಮೇಲೆ ಎದ್ದು ಬುರ್ನೂಸು ತೊಟ್ಟ. ಅಂಚು ಅವನ ಹಿಮ್ಮಡಿಗೆ ಮೆತ್ತಗೆ ಬಡಿಯಿತು.

“ನಿನ್ನ ಕೈಗುಣ ಮುದುಕಿ. ಕಲ್ಲು ಅಂತ ಗೊತ್ತೇ ಆಗಲ್ಲ, ಒಂದೂ ಚುಚ್ಚಲ್ಲ.”

“ಅದು ಕಲ್ಲಲ್ಲ.”

ಅವನು ಸೊಂಟದ ಪಟ್ಟಿ ಸುತ್ತುತ್ತಿದ್ದವನು ನಿಂತ.

“ಅಂಜೂರ, ಬಾದಾಮಿ, ಹಿಟ್ಟು. ತಿರುವಲ್ಲಿ ಎಸೀಬೇಡ. ತೀಜಿಗೊಂದು ಬಿಚ್ಚಿ ತಿನ್ನು. ಮನೆಗೆ ತರಬೇಡ. ಒಂದನ್ನೂ ತರಬೇಡ. ತಂದ್ರೆ ನಾನು ಬಾಗಿಲು ತೆಗೆಯಲ್ಲ.”

“ನಾನು ಕಲ್ಲು ಕೇಳಿದ್ದೆ” ಎಂದ ಅವನು, ಮಗುವಿನ ಹಾಗೆ.

“ನೀನು ಕರಗಿ ಹೋಗ್ತಿದ್ದೀಯ ಇಜ್ಜಾಳಪ್ಪಾ!” ಅವಳ ದನಿ ಏರಿತು. ಒಂದು ಸಲ ಬಾಯಿಗೆ ಬಂದದ್ದು ಆಮೇಲೆ ನಿಲ್ಲಲಿಲ್ಲ. “ಸೊರಗಿ ಕಡ್ಡಿ ಆಗಿದ್ದೀಯ. ಮೂರು ಸುತ್ತಿನ ಪಟ್ಟಿ ಐದು ಸುತ್ತು ಬರ್ತಿದೆ. ಹಾಕಿದ್ದು ಹಾಕಿದ ಹಾಗೆ ಎಲ್ಲಿಗೋ ಹೋಗ್ತಿದೆ. ನಾನು ನೋಡಿಲ್ಲ ಅಂದ್ಕೊಂಡ್ಯಾ? ಅರವತ್ತರಲ್ಲಿ ನಾಲ್ಕು ಕಳೆಯೋಕೆ ನಂಗೂ ಬರುತ್ತೆ. ಐವತ್ತಾರು ಕೇಜಿ ನೀನು, ಐವತ್ತಾರು!”

ಗೋಡೆಯಾಚೆ ಮಮ್ಮಾಸಳ ಪೊರಕೆಯ ಸದ್ದು ನಿಂತಿತು.

“ಕೂಗಬೇಡ” ಎಂದ ಬಾಹ.

“ಹೋಗಬೇಡ.”

“ಹೋಗದೆ ಇದ್ರೆ ಯಾಕೆ ಅಂತಾರೆ.”

“ಅನ್ನಲಿ.”

“ಏನ್ ಹೇಳ್ಲಿ?”

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. ಅವನು ಬಾಗಿ ಬುರ್ನೂಸಿನ ಅಂಚನ್ನು ಹಿಡಿದು, ಹೊಲಿಗೆಯ ಮೇಲೆ ಹೆಬ್ಬೆರಳಿಟ್ಟು ಒಂದೊಂದನ್ನೇ ಒತ್ತಿ ನೋಡಿದ. ಬಾಗಿದವನು ಏಳುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಎಂಟು ಇದೆ” ಎಂದ. “ತೀಜಿ ಏಳೇ ಅಲ್ವಾ?”

“ಎಂಟನೇದು ಬರೋ ದಾರಿಗೆ.”

“ಆಯ್ತು” ಎಂದ ಬಾಹ. “ತಿಂತೀನಿ, ಅಳಬೇಡ.”

ಬಿಸ್ಮಿಲ್ಲಾಹ್ ಎಂದು ಬಲಗಾಲು ಹೊರಗಿಟ್ಟ. ಹೊಸ್ತಿಲು ದಾಟಿದವನನ್ನು ಹಿಂದಿನಿಂದ ಕೂಗಬಾರದು. ತೂದಾ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು. ಅವನು ಕಲ್ಲಿನ ಮೆಟ್ಟಿಲುಗಳನ್ನು ಇಳಿದ. ಒಂದೊಂದು ಮೆಟ್ಟಿಲಿಗೂ ಅಂಚು ಬಡಿಯುವ ಸದ್ದು ಕೇಳುತ್ತಿತ್ತು. ಮಮ್ಮಾಸಳ ಬಾಗಿಲ ಮುಂದೆ ಹಾಯುವಾಗ ಎಂದಿನಂತೆ ಸಲಾಮು ಹೇಳಿದ. ಪೊರಕೆ ಹಿಡಿದು ನಿಂತಿದ್ದ ಅವಳು ಸಲಾಮಿಗೆ ಸಲಾಮು ಹೇಳಿದಳು, ತಲೆ ಎತ್ತಲಿಲ್ಲ. ಅವನು ತಿರುವು ದಾಟಿ ಮರೆಯಾದ ಮೇಲೆ ಗುಡಿಸಲು ಶುರುಮಾಡಿದಳು.